ಕೋಲ್ಡ್ ರೂಮಿನವನ ಸರ್ವಿಸ್

ವ್ಯಾನ್ ಡ್ರೈವರ್ ಚೆಲ್ಲಿದ ಹಾಲಿನ ಮೇಲೆ ಕಾಲಿಟ್ಟು ಜಾರಿಬಿದ್ದನಲ್ಲ, ಪೆಟ್ಟಿಗೆಯಣ್ಣನ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಡೈರಿಯ ಕೋಲ್ಡ್ ರೂಮಿನಲ್ಲಿ ಹಾಲಿನ ಪೆಟ್ಟಿಗೆ ಎತ್ತಿಳಿಸುವ ಈ ಪುಣ್ಯಾತ್ಮ ಜನ್ಮದಲ್ಲಿ ವಾಲಿಬಾಲ್ ಮುಟ್ಟಿದವನಲ್ಲ. ಸಂಜೆ ನೋಡಿದರೆ ಅಕೌಂಟ್ಸ್‌ನವರ ಮೇಲೆ ಮ್ಯಾಚು. ತಂಡಕ್ಕೆ ಆರನೆಯವನು ಬೇಕು, ಡ್ರೈವರನ ಪಾದ ಬನ್ನಿನಂತೆ ಊದಿದೆ.

"ಸಾರ್, ನನ್ನ ಬಿಟ್ಬಿಡಿ, ನಂಗೆ ಬರಲ್ಲ," ಎಂದು ಪೆಟ್ಟಿಗೆಯಣ್ಣ ಮ್ಯಾನೇಜರಿಗೆ ಕೈಮುಗಿದ.

ತಂಡದ ಕ್ಯಾಪ್ಟನ್ನೂ ಅವರೇ. "ಆಫೀಸ್ ಕೆಲಸಕ್ಕೆ ಹಾಕಿ ಅಂತ ದುಂಬಾಲು ಬಿದ್ದಿದ್ಯಲ್ಲಯ್ಯ? ಇವತ್ತು ಗೆಲ್ಸು, ನಾಳೇನೇ ಕಿಟಕಿ ಪಕ್ಕ ಕುರ್ಚಿ."

ಪೆಟ್ಟಿಗೆಯಣ್ಣನಿಗೆ ಆ ಕುರ್ಚಿ ಬೇಕೇಬೇಕಿತ್ತು. ಚಳಿಯಲ್ಲಿ ನಿಂತು ನಿಂತು ಅವನ ಮಂಡಿ ಹಿಡಿದುಹೋಗಿತ್ತು. ಮನೆಯ ಮೆಟ್ಟಿಲು ಹತ್ತಲೂ ಹೆಂಡತಿಯ ಭುಜ ಬೇಕು. ಫೋನಿನಲ್ಲಿ ಅವಳಿಗೆ ಹೇಳಿದರೆ, "ಸುಮ್ನೆ ಹೋಗಿ ಆಡ್ರೀ! ನಿಮ್ಮನ್ನ ಹತ್ತಿಸಿ ಹತ್ತಿಸಿ ನನ್ನ ಭುಜಾನೂ ಬಿದ್ದೋಯ್ತು," ಎಂದಳು.

ಊಟದ ಹೊತ್ತಿಗೆ ಡ್ರೈವರ್ ಸ್ಟೂಲಿನ ಮೇಲೆ ಕಾಲು ಚಾಚಿ ಗುರುವಾದ. "ಏನ್ ಮಹಾ ಅಣ್ಣ? ಹಿಂದಿನ ಗೆರೆ ಆಚೆ ನಿಂತ್ಕೋ. ಸೀಟಿ ಊದಿದ ಮೇಲೆ ಎಂಟು ಸೆಕೆಂಡಲ್ಲಿ ಚೆಂಡು ಮೇಲಕ್ಕೆ ಬಿಟ್ಟು ಒಂದೇ ಕೈಯಲ್ಲಿ ಹೊಡಿ. ಹೊಡೆಯೋ ಮುಂಚೆ ಗೆರೆ ತುಳಿದ್ರೆ ಫೌಲು."

"ಬೇರೆ ಯಾರಾದ್ರೂ ಹೊಡೀಲಿ ಬಿಡಪ್ಪ."

"ಆಗಲ್ಲಣ್ಣ. ಸರ್ವಿಸ್ ನಮ್ಮ ಕಡೆ ಬಂದಾಗೆಲ್ಲ ಒಂದೊಂದು ಜಾಗ ಸರೀಬೇಕು. ಸರದಿ ತಪ್ಪಿಸಿದ್ರೂ ಫೌಲೇ."

"ಒಂದ್ಸಲ ಹೊಡೆದ್ರೆ ಮುಗೀತಾ?"

"ಪಾಯಿಂಟ್ ಹೋದ್ರೆ ಮುಗೀತು. ಬಂದ್ರೆ ಮತ್ತೆ ನೀನೇ."

ಅಯ್ಯೋ ದೇವರೇ! ಪೆಟ್ಟಿಗೆಯಣ್ಣ ಒಂದು ಸರ್ವಿಸ್ ಹೊಡೆದು ನೋಡಿದ. ಚೆಂಡು ಹಿಂದಕ್ಕೆ ಹಾರಿ ಕ್ಯಾಂಟೀನಿನ ನೀರಿನ ಹಂಡೆಗೆ ಬಿತ್ತು. "ನೆಟ್ಟು ಮುಂದಿದೆ ಕಣಯ್ಯಾ!" ಎಂದು ಅಡುಗೆಯವನು ಸೌಟು ಹಿಡಿದುಕೊಂಡೇ ಓಡಿಬಂದ.

ಸಂಜೆ ಒಂದೇ ಸೆಟ್ಟಿನ ಆಟ. ಇವನ ಸರದಿ ಎಲ್ಲರಿಗಿಂತ ಕೊನೆಗೆ ಬರುವಂತೆ ಮ್ಯಾನೇಜರು ನಿಲ್ಲಿಸಿದ್ದರು. ಆದರೂ ಬಂತು, ಅದೂ ಎಂಥ ಹೊತ್ತಿನಲ್ಲಿ! ಅಕೌಂಟ್ಸ್‌ನವರಿಗೆ ಇನ್ನೊಂದು ಪಾಯಿಂಟು ಸಾಕು, ಇವರಿಗೆ ಸಾಲಾಗಿ ನಾಲ್ಕು ಬೇಕು.

ಸೀಟಿ ಕೇಳಿಸಿತು. ಗೆರೆ ತುಳಿದೆನೇನೋ ಎಂದು ಪೆಟ್ಟಿಗೆಯಣ್ಣ ಬಗ್ಗಿ ನೋಡಿಕೊಂಡ. "ಹೊಡಿಯೋ! ಸೆಕೆಂಡ್ ಮುಗೀತಿದೆ!" ಎಂದು ಡ್ರೈವರ್ ಕಿರುಚಿದ. ಪೆಟ್ಟಿಗೆಯಣ್ಣ ಕಣ್ಣು ಮುಚ್ಚಿ ಕೈ ಬೀಸಿದ. ಚೆಂಡು ರೊಯ್ಯನೆ ಹೋಗಿ ಎದುರಿನ ಮೂಲೆಗೆ ಬಡಿಯಿತು. ಅಕೌಂಟ್ಸ್‌ನವರು ಅಲುಗಾಡುವಷ್ಟರಲ್ಲಿ ಪಾಯಿಂಟು ಬಂದಾಗಿತ್ತು.

"ಮುಗೀತಾ ಸಾರ್?"

"ಎಲ್ಲಿ ಮುಗೀತಯ್ಯ! ಮತ್ತೆ ನೀನೇ!"

ಎರಡನೆಯದು ನೆಟ್ಟಿಗೆ ತಾಗಿತು. ಕೆಲಸ ಕೆಟ್ಟಿತು ಎಂದು ಅವನು ತಲೆ ಮೇಲೆ ಕೈ ಹೊತ್ತ. ಚೆಂಡು ಮೆಲ್ಲಗೆ ಆಚೆ ಜಾರಿ ಬಿತ್ತು. "ತಾಗಿ ದಾಟಿದ್ರೂ ಸರೀನೇ!" ಎಂದು ಡ್ರೈವರ್ ಕುಂಟುಗಾಲಿನಲ್ಲೇ ಕುಣಿದ. ಮೂರನೆಯದನ್ನು ತಡೆಯಲು ಹೋದ ಕ್ಯಾಷಿಯರ್ ಕೈ ಉಜ್ಜಿಕೊಳ್ಳುತ್ತ ಹೊರಗೆ ಹೋದ. ನಾಲ್ಕನೆಯದಕ್ಕೆ ಪೆಟ್ಟಿಗೆಯಣ್ಣ ಗೆರೆಯಿಂದ ಇನ್ನೊಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಕುರ್ಚಿ ಕಣ್ಣೆದುರಿಗೇ ಇತ್ತು. ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದ.

ಗೆದ್ದರು! ಮ್ಯಾನೇಜರು ಓಡಿಬಂದು ಅವನನ್ನು ತಬ್ಬಿಕೊಂಡರು. "ಏನು ತೋಳಯ್ಯ ನಿಂದು! ಎಲ್ಲಿಂದ ಬಂತು ಈ ಶಕ್ತಿ?"

ಪೆಟ್ಟಿಗೆಯಣ್ಣ ಹಿರಿಹಿರಿ ಹಿಗ್ಗಿದ. "ದಿನಾ ಪೆಟ್ಟಿಗೆ ಎತ್ತಿ ಎತ್ತಿ ಬಂದಿದ್ದು, ಸಾರ್!"

"ಹೌದಲ್ವಾ!" ಮ್ಯಾನೇಜರ ಮುಖ ಗಂಭೀರವಾಯಿತು. "ಮುಂದಿನ ತಿಂಗಳು ಎಲ್ಲಾ ಡೈರಿಗಳ ಟೂರ್ನಮೆಂಟಿದೆ. ನಿನ್ನ ಕುರ್ಚೀಲಿ ಕೂರ್ಸಿದ್ರೆ ಈ ತೋಳು ಹಾಳಾಗೋಗುತ್ತೆ. ಕೋಲ್ಡ್ ರೂಮ್ ಬಿಟ್ಟು ಅಲ್ಲಾಡಬೇಡ. ಕುರ್ಚೀಲಿ ಡ್ರೈವರ್ ಕೂತ್ಕೊಳ್ಲಿ, ಪಾಪ, ಕಾಲು ನೋವು. ವ್ಯಾನಿಗೆ ತುಂಬೋ ಅವನ ಪೆಟ್ಟಿಗೆಗಳನ್ನೂ ನೀನೇ ಎತ್ತು, ಪ್ರಾಕ್ಟೀಸ್ ಆಗುತ್ತೆ."