ಮೇಸ್ತ್ರಿಗಳಿಗೆ ಒಪ್ಪಿದ ವೇಷ

ಮೇಸ್ತ್ರಿಗಳ ಮುತ್ತಜ್ಜ ಬೀಗ ಮಾಡುವವರು. ಅವರ ಬೀಗ ಹಾಕಿದ ಮನೆಗೆ ಕಳ್ಳನ ಮಾತಿರಲಿ, ಯಜಮಾನನೇ ಒಳಗೆ ಹೋಗಲಾಗದೆ ಜಗಲಿಯ ಮೇಲೆ ಸಂಸಾರ ಹೂಡಿದ್ದನಂತೆ. ಅಜ್ಜ ಊರ ಗಡಿಯಾರವನ್ನು ದಾರಿಗೆ ತಂದವರು. ಅಪ್ಪ ಕೆಟ್ಟ ಪಂಪಿಗೆ ಕಿವಿಯಿಟ್ಟು ರೋಗ ಹೇಳುತ್ತಿದ್ದವರು. ಒಬ್ಬೊಬ್ಬರೂ ಒಂದೊಂದು ವಿದ್ಯೆಯನ್ನು ಅರೆದು ಕುಡಿದವರೇ. ಇಂಥ ವಂಶದಲ್ಲಿ ಹುಟ್ಟಿ, ಗುರುವಿಲ್ಲದೆ ಹೊಲಿಗೆ ಯಂತ್ರದಿಂದ ಮಿಕ್ಸಿಯವರೆಗೆ ರಿಪೇರಿ ಕಲಿತ ಮೇಸ್ತ್ರಿಗಳು ಈಗ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟದ ಮುಂದೆ ಕೂತು, ಯಾವ ವೇಷ ಹಾಕಲಿ ಎಂದು ತಿಳಿಯದೆ ಕಣ್ಣುಕಣ್ಣು ಬಿಡುತ್ತಿದ್ದರು.

ಮನೆಮಂದಿಯದೇ ತಂಡ. ಒಬ್ಬೊಬ್ಬರಿಗೂ ಒಂದೊಂದು ವೇಷ, ವೇಷಕ್ಕೊಂದು ಕೆಲಸ. ಹೆಂಡತಿ ಬಿದ್ದವರನ್ನು ಎಬ್ಬಿಸುವ ಡಾಕ್ಟರು (ಮನೆಯಲ್ಲಿ ತಲೆನೋವೆಂದರೆ ತಿರುಗಿಯೂ ನೋಡದವಳು!). ಮಗಳು ಮುಂದೆ ನುಗ್ಗುವ ಸಿಪಾಯಿ. ಅಳಿಯ ದೂರದಿಂದ ಗುರಿಯಿಡುವವನು.

"ಅಪ್ಪಾ, ಇವತ್ತೇ ಕೊನೆ. ಒಂದು ವೇಷ ಹಿಡಿದು ಪಳಗು. ಇಲ್ಲಾಂದ್ರೆ ನಾಳೆ ಪಂದ್ಯಕ್ಕೆ ನಿನ್ನ ಜಾಗದಲ್ಲಿ ಎದುರುಮನೆ ಟೈಲರ್ ಮಾಮ," ಎಂದಳು ಮಗಳು.

ಟೈಲರ್! ಮೇಸ್ತ್ರಿಗಳು ರಿಪೇರಿ ಮಾಡಿಕೊಟ್ಟ ಯಂತ್ರದಲ್ಲಿ ಹೊಲಿದು ಬದುಕುವವನು! ಮೇಸ್ತ್ರಿಗಳು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

ಸಿಪಾಯಿಯಾದರು, ಗೋಡೆಗೆ ಮುಖ ಕೊಟ್ಟು ಓಡುತ್ತಲೇ ಸತ್ತರು. ದೂರದಿಂದ ಗುರಿಯಿಡುವವರಾದರು; ಕನ್ನಡಕ ಒರೆಸುವಷ್ಟರಲ್ಲಿ ಸತ್ತರು. ಗೂಢಚಾರರಾಗಿ ಶತ್ರುಗಳ ನಡುವೆ ನುಸುಳಿ, ಮೈಕಿನಲ್ಲಿ "ಊಟ ಆಯ್ತಾ?" ಎಂದು ಕೇಳಿ ಸತ್ತರು.

"ಏನ್ರೀ, ಸಾಯೋದರಲ್ಲೇ ಪಳಗಿಬಿಟ್ರಾ?" ಎಂದಳು ಹೆಂಡತಿ.

"ಇರೇ, ಮೆಕ್ಯಾನಿಕ್ ವೇಷ ಇದೆಯಲ್ಲ! ಅದು ರಕ್ತದಲ್ಲೇ ಬಂದಿದೆ."

ಸ್ಪ್ಯಾನರ್ ಹಿಡಿದು ಹೊರಟರು. ಮೂಲೆಯಲ್ಲೊಂದು ಫಿರಂಗಿ ಹೊಗೆಯುಗುಳುತ್ತಾ ನರಳುತ್ತಿತ್ತು. ಕೆಟ್ಟ ಯಂತ್ರ ಕಂಡು ಸುಮ್ಮನಿರುವ ಕೈಯೇ ಅದು? ನಾಲಿಗೆ ಕಚ್ಚಿಕೊಂಡು ಕಟಕಟ ಬಡಿದರು. ಫಿರಂಗಿ ಹೊಸ ಅಳಿಯನಂತೆ ಎದೆ ಸೆಟೆಸಿ ನಿಂತಿತು.

"ಅಪ್ಪಾ! ಅದು ಅವರದ್ದು! ಈಗ ತಾನೆ ನಾನು ಕಷ್ಟಪಟ್ಟು ಕೆಡಿಸಿದ್ದು!"

(ಈ ಆಟದಲ್ಲಿ ಯಾರ ಯಂತ್ರವನ್ನು ಯಾರು ಬೇಕಾದರೂ ರಿಪೇರಿ ಮಾಡಬಹುದಂತೆ. ಶತ್ರುವಿನದನ್ನು ಮಾಡಿಕೊಟ್ಟವರು ಮಾತ್ರ ಅದುವರೆಗೆ ಯಾರೂ ಇರಲಿಲ್ಲ.)

ಫಿರಂಗಿ ತಿರುಗಿ ಮಗಳನ್ನು ಮಲಗಿಸಿತು, ಅಳಿಯನನ್ನು ಮಲಗಿಸಿತು, ಕೊನೆಗೆ ಮೇಸ್ತ್ರಿಗಳನ್ನೂ ಮಲಗಿಸಿತು. ರಿಪೇರಿ ಅಷ್ಟು ಚೆನ್ನಾಗಿತ್ತು. ಮಗಳು ಎದ್ದು, ಕಿಟಕಿ ತೆರೆದು, "ಟೈಲರ್ ಮಾಮಾ!" ಎಂದು ಕೂಗಿದಳು.

ಪರದೆಯ ಮೇಲೆ ಹೆಂಡತಿ ಔಷಧಿ ಪೆಟ್ಟಿಗೆ ಹಿಡಿದು ಓಡೋಡಿ ಬಂದಳು. "ಇರ್ರೀ, ಎಬ್ಬಿಸ್ತೀನಿ. ಇನ್ನೂ ಆಟ ಮುಗಿದಿಲ್ಲ."

"ಬೇಡ ಕಣೇ, ಮುಟ್ಟಬೇಡ," ಎಂದರು ಮೇಸ್ತ್ರಿಗಳು. "ಬದುಕಿದ್ರೆ ಮತ್ತೆ ಯಾವ ವೇಷ ಅಂತ ಕೇಳ್ತೀರಿ. ಹೆಣದ ವೇಷ ಒಂದೇ ನನಗೆ ಸರಿಯಾಗಿ ಒಪ್ಪಿದ್ದು. ಹೀಗೇ ಬಿಟ್ಬಿಡು."