ದೊಡ್ಡಮ್ಮನವರ ಪ್ರವಾಸ ಹನ್ನೊಂದು ದಿನವಾದರೂ ಮುಗಿಯದಿರುವ ಬಗ್ಗೆ

ಇಂದ:
ಹಾಜರಿ ಸಂಖ್ಯೆ ೧೭, ಸಂಜೆ ತರಗತಿ
(ಹಗಲಿನಲ್ಲಿ ಇಸ್ತ್ರಿ ಅಂಗಡಿ)

ಗೆ:
ಪ್ರವಾಸ ಮತ್ತು ಪ್ರವಾಸೋದ್ಯಮ ವಿಷಯದ ಮೇಷ್ಟರು

ವಿಷಯ: ಪ್ರಾಯೋಗಿಕ ವರದಿಗೆ ಒಂದು ದಿನದ ಕಾಲಾವಕಾಶ ಹಾಗೂ ಒಂದು ಕುರ್ಚಿ ಕೋರಿ.

ಉಲ್ಲೇಖ: ಪಠ್ಯಪುಸ್ತಕ, ನಾಲ್ಕನೇ ಅಧ್ಯಾಯ: "ಕೊನೆಯ ಪ್ರವಾಸಿಗರು ತೃಪ್ತರಾಗಿ ಹೊರಡುವವರೆಗೆ ಪ್ರವಾಸ ಮುಗಿದಂತಲ್ಲ."

ಮಾನ್ಯರೇ,

೧. ಚೆನ್ನಾಗಿ ಬಲ್ಲ ಸ್ಥಳವೊಂದನ್ನು ಐವರಿಗೆ ತೋರಿಸಿ ವರದಿ ಬರೆಯಲು ತಾವು ಹೇಳಿದ್ದಿರಿ. ನಾನು ಚೆನ್ನಾಗಿ ಬಲ್ಲದ್ದು ನಮ್ಮ ಮನೆ ಮಾತ್ರ. ಅದೂ ಈಗ ಅನುಮಾನ. ಆದಕಾರಣ ಐವರು ನೆಂಟರಿಗೆ ಮನೆಯನ್ನೇ ತೋರಿಸಿದೆನು.

೨. ನಾಲ್ವರು ಒಂದು ಗಂಟೆಯಲ್ಲಿ ಅಭಿಪ್ರಾಯದ ಫಾರಂನಲ್ಲಿ "ತೃಪ್ತಿ" ಎಂದು ಗುರುತು ಹಾಕಿ ಹೋದರು. ಸೋರುವ ನಲ್ಲಿಯನ್ನು ಜಲಪಾತ ಎಂದದ್ದಕ್ಕೆ ಚಿಕ್ಕಪ್ಪ ಆಕ್ಷೇಪಿಸಿದರಾದರೂ ಗುರುತು ಹಾಕಿದರು.

೩. ಐದನೆಯವರು ನನ್ನ ತಾಯಿಯ ಅಕ್ಕ, ದೊಡ್ಡಮ್ಮ. ಇಲ್ಲಿ ತಪ್ಪು ನನ್ನದೇ. ಪುಸ್ತಕದಲ್ಲಿನ "ಪ್ರವಾಸಿಗರ ಹಕ್ಕುಗಳು" ಪಟ್ಟಿಯನ್ನು ಅಂದವಾಗಿ ಬರೆದು ಎಲ್ಲರಿಗೂ ಹಂಚಿದ್ದೆನು. ದೊಡ್ಡಮ್ಮ ಒಬ್ಬರೇ ಅದನ್ನು ಓದಿದರು. ಮೂರನೇ ಹಕ್ಕು, ಕಿಟಕಿ ಪಕ್ಕದ ಆಸನ. ಅದನ್ನು ಅವರು ಹಾಸಿಗೆಗೂ ಅನ್ವಯಿಸಿದರು. ಆ ಹಾಸಿಗೆ ನನ್ನದು. ದಿನಾ ಬೆಳಗ್ಗೆ ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಹಜಾರದಲ್ಲಿ ನಿಂತು ಇವತ್ತೇನು ತೋರಿಸುತ್ತೀಯ ಎಂದು ಕೇಳುತ್ತಾರೆ. ಅಟ್ಟ, ನೀರಿನ ತೊಟ್ಟಿ, ಅಪ್ಪನ ಹಳೆಯ ಕೊಡೆ ಎಲ್ಲವೂ ಆಯಿತು. ನಿನ್ನೆ ಕರೆಂಟಿನ ಮೀಟರ್ ತೋರಿಸಿದೆನು. ವಿವರಣೆ ಸಾಲದು ಎಂದರು.

೪. ಮನೆಗೆ ಯಾವಾಗ ಹೊರಡುತ್ತೀ ಎಂದು ಅಮ್ಮ ಮೆತ್ತಗೆ ಕೇಳಿದರು. "ನಾನೇನು ನಿನ್ನ ನೋಡೋಕೆ ಬಂದಿಲ್ಲ ಕಣೇ, ಟೂರಿಗೆ ಬಂದಿದೀನಿ," ಎಂದರು ದೊಡ್ಡಮ್ಮ.

೫. ವರದಿಗೆ ನಾಳೆಯೇ ಕೊನೆಯ ದಿನ. ಕೊಡದಿದ್ದರೆ ಈ ವಿಷಯದಲ್ಲಿ ಮೂರನೇ ಸಲ ಫೇಲಾಗುತ್ತೇನೆ. ದೊಡ್ಡಮ್ಮನ ಗುರುತನ್ನು ನಾನೇ ಹಾಕಲು ಮನಸ್ಸು ಬರಲಿಲ್ಲ. ಆದ್ದರಿಂದ ಧೈರ್ಯ ಮಾಡಿ ಫಾರಂ ಮುಂದಿಟ್ಟೆನು. ಅವರು ಪೆನ್ನು ತೆಗೆದುಕೊಂಡು ಕೈಚೀಲಕ್ಕೆ ಹಾಕಿಕೊಂಡರು.

"ಮನೆಗೆ ಬಂದೋರಿಗೆಲ್ಲಾ ನಾನೇ ಓಡಾಡಿ ತೋರಿಸಿದ್ದಾಯ್ತು ಕಣೋ. ನನಗೆ ಅಂತ ಒಬ್ಬರು ತೋರಿಸಿದ್ದು ಇದೇ ಮೊದಲು. ಇನ್ನೊಂದೇ ಜಾಗ ತೋರಿಸು, ಗುರುತು ಹಾಕಿ ಹೋಗ್ತೀನಿ."

ಯಾವ ಜಾಗವೆಂದು ಕೇಳಿದೆನು.

"ದಿನಾ ಸಂಜೆ ತಲೆ ಬಾಚಿಕೊಂಡು ಹೋಗ್ತೀಯಲ್ಲ, ಅದು."

ಆದ್ದರಿಂದ ನಾಳೆ ಸಂಜೆ ಅವರನ್ನು ತರಗತಿಗೆ ಕರೆತರಲು ಅನುಮತಿಯನ್ನೂ, ವರದಿ ಒಪ್ಪಿಸಲು ಮತ್ತೊಂದು ದಿನವನ್ನೂ ನೀಡಬೇಕಾಗಿ ಕೋರುತ್ತೇನೆ. ತಾವು ಎಂದಿನಂತೆ ಪಾಠ ಮಾಡುತ್ತಿದ್ದರೆ ಸಾಕು. ನಾನು ಪಕ್ಕದಲ್ಲಿ ನಿಂತು ತಮ್ಮ ಬಗ್ಗೆ ಮೆಲ್ಲಗೆ ವಿವರಿಸುತ್ತೇನೆ.

ತಮ್ಮ ವಿಶ್ವಾಸಿ, ಸದ್ಯ ನೆಲದ ಮೇಲೆ ಮಲಗುತ್ತಿರುವ
ಹಾಜರಿ ಸಂಖ್ಯೆ ೧೭

ಲಗತ್ತುಗಳು:
೧. ಅಭಿಪ್ರಾಯದ ಫಾರಂ, ನಾಲ್ಕು.
೨. ಐದನೆಯದು, ಖಾಲಿ. (ಪೆನ್ನು ದೊಡ್ಡಮ್ಮನ ಬಳಿಯಿದೆ.)

ವಿ.ಸೂ.: ಹಕ್ಕುಗಳ ಪಟ್ಟಿಯನ್ನು ಅವರು ಜೊತೆಯಲ್ಲೇ ತರುತ್ತಾರೆ. ತರಗತಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ತಮ್ಮದು. ಆದಕಾರಣ, ಅದನ್ನು ಮುಂಚಿತವಾಗಿಯೇ ಅವರಿಗೆ ತೆರವು ಮಾಡಿಕೊಡಬೇಕಾಗಿ ವಿನಂತಿ.