ಪ್ರಶ್ನೆ ಓದಿ ಕೆಟ್ಟ ಮೇಷ್ಟ್ರು

ಬೇರೆಯವರು ನಗಬೇಕೆಂದರೆ ಟಿಕೆಟ್ ತೆಗೆದುಕೊಂಡು ನಾಟಕಕ್ಕೋ ಸಿನಿಮಾಕ್ಕೋ ಹೋಗಬೇಕು. ನಾನು ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಸೆಂಟರ್‌ನಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸುವವನು. ನಗು ದಿನಾ ಮೂರನೇ ಮಹಡಿಗೆ ತಾನಾಗಿಯೇ ಹತ್ತಿ ಬರುತ್ತದೆ, ಲಿಫ್ಟ್ ಕೆಟ್ಟಿದ್ದರೂ ಸಹ.

೧. ನಾಲ್ಕು ದಿನ, ನಾಲ್ಕು ನಿಮಿಷ

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ‘ರನ್-ಆನ್’ ಎಂಬ ಒಂದು ಪೀಡೆ ಇದೆ. ಎರಡು ಪೂರ್ತಿ ವಾಕ್ಯಗಳನ್ನು ನಡುವೆ ಸರಿಯಾದ ಚಿಹ್ನೆ ಇಡದೆ ಅಂಟಿಸಿರುತ್ತಾರೆ. ಕೆಳಗಿನ ನಾಲ್ಕು ಆಯ್ಕೆಗಳಲ್ಲಿ ಸರಿಯಾದುದನ್ನು ಆರಿಸಬೇಕು. ಇದನ್ನು ನಾನು ಕರ್ತೃ, ಕ್ರಿಯಾಪದ ಎಂದು ಬುಡದಿಂದ ಶುರುಮಾಡಿ ನಾಲ್ಕು ದಿನ ಕಲಿಸುತ್ತಿದ್ದೆ.

ನಮ್ಮ ಸೆಂಟರ್‌ನ ಯಜಮಾನರು ರಾಯಚೂರು ಕಡೆಯವರು. ಹುಡುಗರ ತಂದೆತಾಯಂದಿರೊಡನೆ ತೆಲುಗು ಮಾತಾಡುತ್ತಾರೆ, ಆಫೀಸಿನವರೊಡನೆ ಹಿಂದಿ. ಕನ್ನಡವನ್ನು ನನ್ನನ್ನು ಬೈಯುವುದಕ್ಕೆಂದು ಜೋಪಾನವಾಗಿ ಎತ್ತಿಟ್ಟಿದ್ದಾರೆ.

“ಏನ್ರಿ ಸರ್, ಒಂದ್ ರನ್-ಆನ್‌ಗೆ ನಾಲ್ಕ ದಿನಾನ? ಪಕ್ಕದ ಬಿಲ್ಡಿಂಗಿನ ಸೆಂಟರ್‌ನಾಗ ನಾಲ್ಕ ನಿಮಿಷದಾಗ ಮುಗಸ್ತಾರ!”

“ಅಷ್ಟರಲ್ಲಿ ಹುಡುಗರಿಗೆ ಅರ್ಥ ಆಗುವುದಿಲ್ಲ ಸರ್.”

ಅವರು ನನ್ನನ್ನು ಕನಿಕರದಿಂದ ನೋಡಿದರು. “ಅರ್ಥ ಮಾಡಸ್ರಿ ಅಂತ ನಿಮಗ ಯಾರ್ ಹೇಳಿದ್ರು?”

೨. ಏಳನೇ ಪ್ರಶ್ನೆ

ಹುಡುಗರು ನನ್ನ ನಾಲ್ಕು ದಿನದ ಪಾಠವನ್ನು ಶ್ರದ್ಧೆಯಿಂದ ಬರೆದುಕೊಂಡು, ಆಮೇಲೆ ಅದನ್ನು ಬದಿಗಿಟ್ಟು, ತಮ್ಮದೇ ಒಂದು ಶಾಸ್ತ್ರ ಕಟ್ಟಿದ್ದರು. ತೀರಾ ಉದ್ದದ ಆಯ್ಕೆ ಹೊಡೆದು ಹಾಕು. ಬರೀ ಅಲ್ಪವಿರಾಮ ಇದ್ದುದನ್ನೂ ಹೊಡೆದು ಹಾಕು. ಅರ್ಧವಿರಾಮವೋ ಪೂರ್ಣವಿರಾಮವೋ ಕಂಡರೆ ಕಣ್ಣುಮುಚ್ಚಿ ಗುರುತು ಹಾಕು. ಈ ಶಾಸ್ತ್ರದ ಆಚಾರ್ಯೆ ಎರಡನೇ ಬೆಂಚಿನ ಒಬ್ಬ ಹುಡುಗಿ. ಯಾದಗಿರಿ ಕಡೆಯವಳು.

ಒಂದು ದಿನ ಇಪ್ಪತ್ತು ಪ್ರಶ್ನೆ ಕೊಟ್ಟೆ. ಮೂರೇ ನಿಮಿಷಕ್ಕೆ ಉತ್ತರ ತಂದಿಟ್ಟಳು. ಹತ್ತೊಂಬತ್ತು ಸರಿ. ನನಗೆ ಸಿಟ್ಟೇ ಬಂತು.

“ಏಳನೇ ಪ್ರಶ್ನೆಯಲ್ಲಿ ಏನಿತ್ತಮ್ಮ? ಯಾವುದರ ಬಗ್ಗೆ ವಾಕ್ಯ?”

“ಗೊತ್ತಿಲ್ಲ ಸರ್,” ಎಂದಳು, ಒಂದಿಷ್ಟೂ ಅಳುಕಿಲ್ಲದೆ. “ಪರೀಕ್ಷೆದಾಗ ಅದನ್ನ ಕೇಳಂಗಿಲ್ಲಲ್ರಿ.”

೩. ಸಿಮೆಂಟು

ಈ ಹುಡುಗಿಯ ಅಪ್ಪ ಕೂಕಟ್‌ಪಲ್ಲಿಯಲ್ಲಿ ಕಟ್ಟಡದ ಮೇಸ್ತ್ರಿ. ಒಂದು ಮಧ್ಯಾಹ್ನ ಕೆಲಸದಿಂದ ನೇರ ಬಂದು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ಕೈಮುಗಿದು ನಿಂತರು.

“ನಮ್ಮ ಹುಡುಗಿ ಏನ್ ಕಲ್ಯಾಕತ್ತಾಳ್ರಿ ಸಾಹೇಬ್ರ?”

ನಾನು ವಿವರಿಸಿದೆ. ಎರಡು ಸ್ವತಂತ್ರ ವಾಕ್ಯ, ಅವುಗಳ ಸಂಬಂಧ, ಸಂಯೋಜಕ ಪದ, ಚಿಹ್ನೆ. ಹತ್ತು ನಿಮಿಷ. ಅವರು ತಾಳ್ಮೆಯಿಂದ ಕೇಳಿ, “ಅಂದ್ರ ಇಟ್ಟಂಗಿ ಮ್ಯಾಲ ಇಟ್ಟಂಗಿ ಬರೇ ಇಟ್ರ ಗ್ವಾಡಿ ನಿಂದ್ರಂಗಿಲ್ಲ, ನಡುವ ಸಿಮೆಂಟ್ ಹಾಕಬೇಕು. ಇಷ್ಟ ಹೌದಲ್ರಿ?” ಎಂದರು.

ಇಪ್ಪತ್ತೆರಡು ವರ್ಷದ ನನ್ನ ಅನುಭವ ಅಲ್ಲೇ ಚಪ್ಪಲಿಯ ಪಕ್ಕದಲ್ಲಿ ಕುಳಿತುಕೊಂಡಿತು. ನಿಜಕ್ಕೂ ಸಂತೋಷವಾಯಿತು, ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಮರುದಿನ ತರಗತಿಯಲ್ಲಿ ಬೋರ್ಡಿನ ತುಂಬ ಗೋಡೆ ಬರೆದು, ಇಟ್ಟಿಗೆ ತೋರಿಸಿ, ಆವೇಶದಿಂದ ಪಾಠ ಮಾಡಿದೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು.

“ಸರ್, ಸಿಮೆಂಟು ಎ-ನಾ, ಬಿ-ನಾ?”

೪. ಐದನೇ ಆಯ್ಕೆ

ಆ ಬೇಸಿಗೆ ಯಜಮಾನರಿಗೆ ಒಂದು ಯೋಚನೆ ಹೊಳೆಯಿತು. ಹುಡುಗರು ಬರೆಯುವ ಇಂಗ್ಲಿಷ್ ಮಾಕ್ ಟೆಸ್ಟನ್ನು ಮೇಷ್ಟ್ರುಗಳೂ ಬರೆಯಬೇಕು. ನಲವತ್ತು ಪ್ರಶ್ನೆ, ಇಪ್ಪತ್ತು ನಿಮಿಷ. ಎಲ್ಲರಿಗಿಂತ ಕಡಿಮೆ ಬಂದವರಿಗೆ ಮುಂದಿನ ಬ್ಯಾಚಿನಲ್ಲಿ ಕೆಲಸ ಇಲ್ಲ.

ನಾನು ಒಳಗೊಳಗೇ ನಕ್ಕೆ. ಇರುವವರು ಮೂವರು: ಗಣಿತದವರು, ಸಾಮಾನ್ಯಜ್ಞಾನದವರು, ಮತ್ತು ಇಂಗ್ಲಿಷೇ ಹೊಟ್ಟೆಪಾಡಾದ ನಾನು. ಗಣಿತದವರು ರಜಾ ಅರ್ಜಿಯನ್ನೂ ನನ್ನ ಕೈಲೇ ಬರೆಸುತ್ತಿದ್ದರು. ಅವರ ಬಗ್ಗೆ ಪಾಪ ಅನ್ನಿಸಿತು.

ಟೆಸ್ಟ್ ಶುರುವಾಯಿತು. ನಾನು ಪ್ರಶ್ನೆ ಓದಿದೆ. ಅದೇ ನನ್ನ ತಪ್ಪು. ಮೂರನೆಯದು ಜೇನುಹುಳುಗಳ ಬಗ್ಗೆ ಇತ್ತು, ಸ್ವಾರಸ್ಯವಾಗಿತ್ತು, ಎರಡು ಸಲ ಓದಿದೆ. ಆರನೆಯದರಲ್ಲಿ ಪ್ರಶ್ನೆಯೇ ತಪ್ಪಿತ್ತು, ತಿದ್ದಿದೆ. ತಲೆಯೆತ್ತಿ ನೋಡಿದರೆ ಗಣಿತದವರು ಬರೆದು ಮುಗಿಸಿ, ಕೈಕಟ್ಟಿಕೊಂಡು ಫ್ಯಾನ್ ನೋಡುತ್ತಾ ಕೂತಿದ್ದಾರೆ. ಅವರು ಹಿಂದಿನ ದಿನ ಆ ಎರಡನೇ ಬೆಂಚಿನ ಹುಡುಗಿಯ ಹತ್ತಿರ ಹತ್ತು ನಿಮಿಷ ಪಾಠ ಹೇಳಿಸಿಕೊಂಡಿದ್ದರಂತೆ. ಆಮೇಲೆ ಗೊತ್ತಾಯಿತು.

ಫಲಿತಾಂಶ: ಗಣಿತದವರಿಗೆ ಮೂವತ್ತೆಂಟು. ಸಾಮಾನ್ಯಜ್ಞಾನದವರಿಗೆ ಇಪ್ಪತ್ತಾರು. ನನಗೆ ಹತ್ತು. ನಾನು ಮುಟ್ಟಿದ್ದೇ ಹನ್ನೊಂದು ಪ್ರಶ್ನೆ. ಹನ್ನೊಂದನೆಯದರಲ್ಲಿ ಕೊಟ್ಟಿದ್ದ ನಾಲ್ಕು ಆಯ್ಕೆಗಳೂ ನನಗೆ ಒಪ್ಪಿಗೆಯಾಗದೆ, ಐದನೆಯದೊಂದನ್ನು ನಾನೇ ಬರೆದು, ಅದಕ್ಕೆ ಗುರುತು ಹಾಕಿ ಬಂದಿದ್ದೆ.

೫. ಕುಂಬಳಕಾಯಿ

ಹೆದರಿಕೆ ಆಯಿತು, ಸುಳ್ಳು ಹೇಳುವುದಿಲ್ಲ. ಐವತ್ತೆರಡು ವರ್ಷದ ವ್ಯಾಕರಣದ ಮೇಷ್ಟ್ರನ್ನು ಇನ್ನೊಂದು ಕಡೆ ಯಾರು ಕರೆದು ಕೂರಿಸುತ್ತಾರೆ? ವಾರ ಕಳೆದ ಮೇಲೆ ಯಜಮಾನರಿಂದ ಕರೆ ಬಂತು. ಹೊರಡುವಾಗ ಹೆಂಡತಿ ಬಾಗಿಲಿಗೆ ಬಂದು, “ಏನಂದ್ರೂ ತಲಿ ತಗ್ಗಿಸಿ ಕೇಳ್ರಿ. ಅವರ ಮಾತು ತಿದ್ದಾಕ ಹೋಗಬ್ಯಾಡ್ರಿ,” ಎಂದು ಎಚ್ಚರಿಸಿದಳು.

ಯಜಮಾನರು ಕೂರಲು ಹೇಳಲಿಲ್ಲ. ಕಿಟಕಿಯ ಹತ್ತಿರ ಕರೆದರು. ಎದುರಿನ ಕಟ್ಟಡದ ಮೇಲೆ ನಮ್ಮ ಹೊಸ ಬ್ಯಾಚಿನ ಬ್ಯಾನರ್, ಮೆಟ್ರೋದಲ್ಲಿ ಹೋಗುವವರಿಗೆಲ್ಲ ಕಾಣುವಷ್ಟು ದೊಡ್ಡದು. ಅದರಲ್ಲಿ ನನ್ನ ಮುಖವೂ ಇತ್ತು, ಟೆಸ್ಟಿಗೂ ಮೊದಲೇ ಪ್ರಿಂಟಿಗೆ ಕೊಟ್ಟಿದ್ದರಂತೆ. ಪ್ರಿಂಟಿಂಗ್ ಅಂಗಡಿಯವರು ಮಾತ್ರ ಬಿರುದುಗಳನ್ನು ಅದಲುಬದಲು ಮಾಡಿದ್ದರು. ಗಣಿತದವರ ಮುಖದ ಕೆಳಗೆ ‘ಇಂಗ್ಲಿಷ್ ಸಾಮ್ರಾಟ’. ನನ್ನ ಮುಖದ ಕೆಳಗೆ ‘ಗಣಿತ ಬ್ರಹ್ಮ’.

“ಇದನ್ನು ಇಳಿಸಿ ಸರಿ ಮಾಡಿಸಬೇಕು ಸರ್,” ಎಂದೆ.

“ಇಳಸೂದಾ? ನಿನ್ನೆ ಪೂಜಾ ಆಗೇತ್ರಿ! ನಿಂಬೆಹಣ್ಣು ಕಟ್ಟಿ, ಕುಂಬಳಕಾಯಿ ಒಡದೀವಿ. ಕುಂಬಳಕಾಯಿ ಒಡದ ಬ್ಯಾನರ್ ಯಾರಾರ ಇಳಸ್ತಾರೇನ್ರಿ? ಪಕ್ಕದ ಬಿಲ್ಡಿಂಗಿನವ್ರು ನಮ್ಮ ಮೇಷ್ಟ್ರು ಓಡಿ ಹೋದ್ರು ಅಂತ ಡಂಗುರಾ ಹೊಡೀತಾರ. ಬ್ಯಾನರ್ ಹ್ಯಾಂಗೈತಿ ಹಂಗ ನಡೀಲಿ. ಸೋಮವಾರದಿಂದ ಅವರು ಇಂಗ್ಲಿಷ್, ನೀವು ಗಣಿತ.”

ಕೆಲಸ ಉಳಿಯಿತು! ದೇವರೇ ಎಂದು ಉಸಿರು ಬಿಟ್ಟೆ. ಬಿಟ್ಟ ಮೇಲೆ ಅವರ ಮಾತು ಪೂರ್ತಿ ತಲೆಗಿಳಿಯಿತು.

“ಸರ್, ನನಗೆ ಗಣಿತ ಸ್ವಲ್ಪವೂ ಬರುವುದಿಲ್ಲ.”

ಯಜಮಾನರು ನನ್ನ ಹೆಗಲ ಮೇಲೆ ಕೈ ಇಟ್ಟರು. ಇಷ್ಟು ವರ್ಷದಲ್ಲಿ ಅವರು ನನ್ನೊಡನೆ ಪ್ರೀತಿಯಿಂದ ಕನ್ನಡ ಮಾತಾಡಿದ್ದು ಅದೇ ಮೊದಲು.

“ಇಂಗ್ಲಿಷ್ ಭಾಳ ಚಲೋ ಬರ್ತಿತ್ತು, ಅದಕ್ಕ ಹತ್ತಕ್ಕ ನಿಂತ್ರಿ. ಗಣಿತ ಬರಂಗೇ ಇಲ್ಲ ಅಂದ್ರ, ಇನ್ನ ನಿಮ್ಮನ್ನ ಹಿಡಿಯೋರು ಯಾರದಾರ್ರೀ?”